‘ಕ್ಲರ್ಕು’ ಎಂಬ ಮಾತಿನ ವಂಶಾವಳಿ

ಕನ್ನಡದೊಳಕ್ಕೆ ಬಂದು ನೆಲಸಿರುವ ಇಂಗ್ಲಿಷ್ ಮಾತುಗಳಲ್ಲಿ ‘ಕ್ಲರ್ಕು’ ಎಂಬುದೊಂದು. ಇದಕ್ಕೆ ಅರ್ಥ ಹೇಳಬೇಕಾದ ಅಗತ್ಯವೇ ಇಲ್ಲವೆಂದು ತೋರಬಹುದು. ಕಚೇರಿಯಲ್ಲಿ ಮೇಜಿನ ಮುಂದೆ ಕುಳಿತು ಕಾಗದಪತ್ರ ಬರೆಯುವವನು, ಲೆಕ್ಕ ಇಡುವವನು, ಕಡತಗಳನ್ನು ಬಿಚ್ಚಿ ಕಟ್ಟುವವನು ಕ್ಲರ್ಕು. ಆದರೆ ಈ ಅರ್ಥದ ಜೊತೆಗೆ ಒಂದು ಧ್ವನಿಯೂ ಅಂಟಿಕೊಂಡಿದೆ. ‘ಆತನೇನು, ಬರಿಯ ಕ್ಲರ್ಕು’ ಎನ್ನುವುದನ್ನು ನಾವೆಲ್ಲರೂ ಕೇಳಿದ್ದೇವೆ. ‘ಬರಿಯ ನ್ಯಾಯಾಧೀಶ’ ಎಂದಾಗಲಿ ‘ಬರಿಯ ವೈದ್ಯ’ ಎಂದಾಗಲಿ ಯಾರೂ ಹೇಳುವುದಿಲ್ಲ. ‘ಬರಿಯ’ ಎಂಬ ವಿಶೇಷಣ ಕ್ಲರ್ಕಿಗೆ ಮಾತ್ರ ಮೀಸಲಾದಂತಿದೆ.

ಮನುಷ್ಯರಿಗಿರುವಂತೆ ಮಾತುಗಳಿಗೂ ಜಾತಕಗಳುಂಟು. ಕೆಲವು ಬಡತನದಲ್ಲಿ ಹುಟ್ಟಿ ಸಿಂಹಾಸನವನ್ನೇರುತ್ತವೆ. ಕೆಲವು ದೊಡ್ಡ ಮನೆಯಲ್ಲಿ ಹುಟ್ಟಿ ಕಾಲಕ್ರಮದಲ್ಲಿ ಬಡವಾಗುತ್ತವೆ. ಕ್ಲರ್ಕು ಎರಡನೆಯ ಪಂಗಡಕ್ಕೆ ಸೇರಿದ್ದು. ಒಂದಾನೊಂದು ಕಾಲದಲ್ಲಿ ಈ ಮಾತಿಗೆ ದೇವರ ಸೇವಕನೆಂದು ಅರ್ಥವಿತ್ತು. ಅನಂತರ ವಿದ್ವಾಂಸನೆಂದು ಅರ್ಥವಾಯಿತು. ಮತ್ತೂ ಒಂದು ಆಶ್ಚರ್ಯ: ಈ ಮಾತು ತನಗೆ ಸಲ್ಲುತ್ತದೆಂದು ತೋರಿಸಿಕೊಟ್ಟವನ ಕೊರಳು ನೇಣಿನಿಂದ ತಪ್ಪಿಸಿಕೊಳ್ಳುತ್ತಿದ್ದ ಕಾಲವೂ ಒಂದಿತ್ತು. ಈ ಹೊತ್ತು ಅದರ ವಂಶಾವಳಿಯನ್ನು ನಾವು ಸ್ವಲ್ಪ ಬಿಡಿಸಿ ನೋಡೋಣ.

ಮೊದಲು ಗ್ರೀಸ್ ದೇಶಕ್ಕೆ ಹೋಗಬೇಕು. ಗ್ರೀಕ್ ಭಾಷೆಯಲ್ಲಿ ‘ಕ್ಲೇರೋಸ್’ ಎಂಬ ಮಾತಿದೆ. ಅದೃಷ್ಟ ನೋಡುವುದಕ್ಕಾಗಿ ಹಾಕುವ ಚೀಟಿಯೋ ಹರಳೋ ಅದಕ್ಕೆ ಅರ್ಥ. ಹಾಗೆ ಚೀಟಿ ಎತ್ತಿದಾಗ ಒಬ್ಬನ ಪಾಲಿಗೆ ಬಂದದ್ದೂ ಕ್ಲೇರೋಸ್. ತಂದೆಯಿಂದ ಮಗನಿಗೆ ಬಂದ ಭೂಮಿಯೂ ಕ್ಲೇರೋಸ್. ನಮ್ಮ ‘ಪಾಲು’ ಎಂಬ ಮಾತನ್ನು ನೆನೆದುಕೊಂಡರೆ ಇದರ ಜಾಡು ಸುಲಭವಾಗಿ ತಿಳಿಯುತ್ತದೆ. ಆಸ್ತಿಯಲ್ಲಿ ಬಂದದ್ದೂ ಪಾಲು, ‘ನನ್ನ ಪಾಲಿಗೆ ಇಷ್ಟೇ’ ಎಂದು ವಿಧಿಯನ್ನು ಕುರಿತು ಹೇಳುವುದೂ ಪಾಲು. ಅಥೆನ್ಸ್ ನಗರದ ಪ್ರಜೆಗಳು ತಮ್ಮ ಐನೂರು ಮಂದಿಯ ಸಭೆಗೆ ಸದಸ್ಯರನ್ನು ಆರಿಸುತ್ತಿದ್ದುದು ಹೀಗೆ ಚೀಟಿ ಎತ್ತಿಯೇ. ಯಾವ ಪೌರನ ಹೆಸರಿಗಾದರೂ ಚೀಟಿ ಬೀಳಬಹುದಾಗಿತ್ತು. ಸ್ತ್ರೀಯರಿಗೂ ದಾಸರಿಗೂ ಆ ಭಾಗ್ಯವಿರಲಿಲ್ಲವೆಂಬುದನ್ನು ಮರೆಯದೆ ಹೇಳುವುದಾದರೆ, ಅಧಿಕಾರವನ್ನು ಕುಲಕ್ಕೂ ಧನಕ್ಕೂ ಕಟ್ಟಿಹಾಕದೆ ಹಂಚುವ ಉಪಾಯವದು.

ಈ ಮಾತು ಕ್ರೈಸ್ತ ಮತವನ್ನು ಪ್ರವೇಶಿಸಿದುದು ಬೇರೊಂದು ದಾರಿಯಿಂದ. ಹಳೆಯ ಒಡಂಬಡಿಕೆಯಲ್ಲಿ ಇಸ್ರಾಯೇಲಿನ ಕುಲಗಳಿಗೆಲ್ಲ ಭೂಮಿ ಹಂಚುವಾಗ ಲೇವಿ ಕುಲದವರಿಗೆ ಮಾತ್ರ ಭೂಮಿಯಿಲ್ಲ. ಅವರು ದೇವರ ಸೇವೆ ಮಾಡುವವರಾದುದರಿಂದ ದೇವರೇ ಅವರ ಸ್ವಾಸ್ತ್ಯ. ಗ್ರೀಕ್ ಬೈಬಲಿನಲ್ಲಿ ಈ ಸ್ವಾಸ್ತ್ಯಕ್ಕೆ ಬಂದಿರುವ ಮಾತು ಕ್ಲೇರೋಸ್. ಹೊಸ ಒಡಂಬಡಿಕೆಯಲ್ಲಿ ಯೂದನ ಸ್ಥಾನಕ್ಕೆ ಮತ್ತೀಯನನ್ನು ಆರಿಸಿದುದೂ ಚೀಟಿ ಹಾಕಿಯೇ. ಹೀಗೆ ದೇವರ ಪಾಲಿಗೆ ಸೇರಿದವನು, ದೇವರನ್ನೇ ಪಾಲಾಗಿ ಪಡೆದವನು, ಗ್ರೀಕಿನಲ್ಲಿ ‘ಕ್ಲೇರಿಕೋಸ್’, ಲ್ಯಾಟಿನ್ನಿನಲ್ಲಿ ‘ಕ್ಲೆರಿಕುಸ್’ ಆದನು. ಸಂತ ಜೆರೋಮನು ಈ ಮಾತನ್ನು ಬಿಡಿಸಿ ಹೇಳಿರುವುದೂ ಹೀಗೆಯೇ. ಅಲ್ಲಿಂದ ಹಳೆಯ ಫ್ರೆಂಚಿನ ‘ಕ್ಲರ್ಕ್’, ಹಳೆಯ ಇಂಗ್ಲಿಷಿನ ‘ಕ್ಲೆರಿಕ್’. ಇಂಗ್ಲಿಷಿನಲ್ಲಿ ಇಂದು ಪಾದ್ರಿಗಳ ಸಮೂಹಕ್ಕೆ ಹೇಳುವ ‘ಕ್ಲರ್ಜಿ’ ಎಂಬ ಮಾತೂ ಕಚೇರಿಯ ಕ್ಲರ್ಕೂ ಒಂದೇ ಬಳ್ಳಿಯ ಕಾಯಿಗಳು. ಪಾದ್ರಿಯೊಬ್ಬನನ್ನು ಇಂಗ್ಲೆಂಡಿನ ನ್ಯಾಯಪತ್ರಗಳಲ್ಲಿ ಇಂದಿಗೂ ‘ದೀಕ್ಷೆ ಪಡೆದ ಕ್ಲರ್ಕ್’ ಎಂದು ಬರೆಯುವ ವಾಡಿಕೆಯುಂಟು.

ಪಾದ್ರಿಯು ಲೇಖಕನಾದದ್ದು ಹೇಗೆ? ಮಧ್ಯಯುಗದ ಯೂರೋಪಿನ ಸ್ಥಿತಿಯೇ ಇದಕ್ಕೆ ಉತ್ತರ. ಆ ಕಾಲದಲ್ಲಿ ಓದುಬರಹ ಬಹುಮಟ್ಟಿಗೆ ಮಠಗಳ ಗೋಡೆಯೊಳಗೆ ಉಳಿದಿತ್ತು. ಕುದುರೆಯೇರಿ ಯುದ್ಧ ಮಾಡುವ ಶ್ರೀಮಂತನಿಗೂ, ನೇಗಿಲು ಹಿಡಿಯುವ ಬಡವನಿಗೂ ಅಕ್ಷರ ಸಮಾನವಾಗಿ ದೂರವಾಗಿತ್ತು. ರಾಜನು ಶಾಸನ ಬರೆಸಬೇಕಾದರೆ, ಭೂಮಿಯ ಕ್ರಯಪತ್ರ ಆಗಬೇಕಾದರೆ, ಅರಮನೆಯ ಲೆಕ್ಕ ನಿಲ್ಲಬೇಕಾದರೆ, ದೀಕ್ಷೆ ಪಡೆದ ಕ್ಲರ್ಕನ್ನೇ ಕರೆಯಬೇಕು. ಹೀಗಾಗಿ ‘ದೀಕ್ಷೆ ಪಡೆದವನು’ ಎಂಬ ಅರ್ಥ ಹಿಂದಕ್ಕೆ ಸರಿದು ‘ಓದಬಲ್ಲವನು’ ಎಂಬ ಅರ್ಥ ಮುಂದೆ ಬಂದಿತು. ಸುಮಾರು 1200ರ ಹೊತ್ತಿಗೆ ಇಂಗ್ಲಿಷಿನಲ್ಲಿ ಕ್ಲರ್ಕ್ ಎಂದರೆ ವಿದ್ಯಾವಂತ, ಪಂಡಿತ.

ಈ ಪಂಡಿತನನ್ನು ಕಣ್ಣಿಗೆ ಕಟ್ಟುವಂತೆ ಚಿತ್ರಿಸಿದವನು ಚಾಸರ್ ಕವಿ. 14ನೆಯ ಶತಮಾನದ ಕೊನೆಯಲ್ಲಿ ಅವನು ಬರೆದ ‘ಕ್ಯಾಂಟರ್‌ಬರಿ ಕಥೆಗಳು’ ಎಂಬ ಕಾವ್ಯದ ಯಾತ್ರಿಕರಲ್ಲಿ ಆಕ್ಸ್‌ಫರ್ಡಿನ ಕ್ಲರ್ಕ್ ಒಬ್ಬನಿದ್ದಾನೆ. ಅವನು ಯಾವ ಕಚೇರಿಯ ಗುಮಾಸ್ತೆಯೂ ಅಲ್ಲ. ತರ್ಕಶಾಸ್ತ್ರದಲ್ಲಿ ಮುಳುಗಿರುವ ವಿದ್ಯಾರ್ಥಿ. ಅವನ ಕುದುರೆ ಬಡಕಲು, ಅವನೂ ಹಾಗೆಯೇ. ಮೇಲಂಗಿಯ ನೂಲು ಸವೆದುಹೋಗಿದೆ. ಬೆಲೆಬಾಳುವ ಉಡುಪಿಗಿಂತಲೂ ವಾದ್ಯಕ್ಕಿಂತಲೂ ಹಾಸಿಗೆಯ ತಲೆದೆಸೆಯಲ್ಲಿ ಅರಿಸ್ಟಾಟಲನ ಇಪ್ಪತ್ತು ಪುಸ್ತಕಗಳಿರುವುದು ಅವನಿಗೆ ಇಷ್ಟ. ಮಿತ್ರರು ಕೊಟ್ಟ ಹಣವೆಲ್ಲ ಪುಸ್ತಕಕ್ಕೆ ಹೋಗುತ್ತದೆ. ಇಂಗ್ಲೆಂಡಿನಲ್ಲಿ ಕ್ಯಾಕ್ಸ್‌ಟನ್ನನು ಅಚ್ಚಿನ ಯಂತ್ರವನ್ನು ಹೂಡಿದುದು 1476ರಲ್ಲಿ. ಅದಕ್ಕೆ ಮುಂಚೆ, ಒಂದೊಂದು ಹಾಳೆಯನ್ನೂ ಕೈಯಿಂದ ಬರೆದು ಮುಗಿಸಬೇಕಾಗಿದ್ದ ಕಾಲದಲ್ಲಿ, ಇಪ್ಪತ್ತು ಪುಸ್ತಕವೆಂದರೆ ಒಂದು ಸಂಪತ್ತೇ ಸರಿ.

ಕ್ಲರ್ಕಿನ ಮಾನ ಹೀಗೆ ಏರುತ್ತಿದ್ದಾಗ ಅದರ ಎದುರು ನಿಂತಿದ್ದ ಇನ್ನೊಂದು ಮಾತಿನ ಗತಿ ಏನಾಯಿತೆಂಬುದನ್ನೂ ನಾವು ನೋಡಬೇಕು. ಕ್ಲರ್ಕಲ್ಲದವನಿಗೆ, ಎಂದರೆ ದೀಕ್ಷೆಯಿಲ್ಲದ ಸಾಮಾನ್ಯನಿಗೆ, ಹಳೆಯ ಇಂಗ್ಲಿಷಿನಲ್ಲಿ ಇದ್ದ ಮಾತು ಇಂದಿನ ‘ಲ್ಯೂಡ್’. ಮೊದಲು ಅದರಲ್ಲಿ ನಿಂದೆಯೇನೂ ಇರಲಿಲ್ಲ. ದೀಕ್ಷೆಯಿಲ್ಲದವನಿಗೆ ಓದು ಬಾರದಾದುದರಿಂದ ‘ಲ್ಯೂಡ್’ ಎಂದರೆ ಓದದವನಾಯಿತು, ಓದದವನು ಒರಟನಾದನು, ಒರಟನು ನೀಚನಾದನು, ಕೊನೆಗೆ ಆ ಮಾತಿಗೆ ‘ಅಶ್ಲೀಲ’ ಎಂಬ ಅರ್ಥವೇ ನಿಂತಿತು. ಅಕ್ಷರ ಬಾರದುದೊಂದೇ ದೋಷವಾಗಿದ್ದ ಜನರ ಹೆಸರು ಕೆಟ್ಟ ನಡತೆಗೆ ಹೆಸರಾಯಿತು. ಇದು ಇಂಗ್ಲಿಷಿನವರದೇ ದೋಷವೆಂದು ನಾವು ಹೇಳಲಾರೆವು. ಪ್ರಾಕೃತ ಗಾಥೆಗಳಲ್ಲಿ ‘ಪಾಮರ’ನೆಂದರೆ ಹೊಲ ಉಳುವ ಹಳ್ಳಿಗನು, ನಮ್ಮ ಬಳಕೆಯಲ್ಲಿ ಪಂಡಿತ-ಪಾಮರ ಎಂಬ ಜೋಡಿಯಲ್ಲಿ ಅವನು ಎಲ್ಲಿ ನಿಂತಿದ್ದಾನೆಂಬುದು ಎಲ್ಲರಿಗೂ ತಿಳಿದದ್ದೇ. ನಿಘಂಟನ್ನು ಬರೆಯುವವರು ಓದಿದವರು. ಓದದವರ ಹೆಸರಿಗೆ ಅಲ್ಲಿ ವಕಾಲತ್ತು ವಹಿಸುವವರು ಯಾರು?

ಓದಿದವನಿಗೂ ಓದದವನಿಗೂ ನಡುವಣ ಈ ಅಂತರ ಮಾತಿನಲ್ಲಷ್ಟೇ ಉಳಿಯಲಿಲ್ಲ. ನ್ಯಾಯಸ್ಥಾನದಲ್ಲಿ ಅದು ಬದುಕು-ಸಾವುಗಳ ಅಂತರವಾಯಿತು. 12ನೆಯ ಶತಮಾನದಲ್ಲಿ ಇಂಗ್ಲೆಂಡಿನ ಎರಡನೆಯ ಹೆನ್ರಿ ದೊರೆಗೂ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ತಾಮಸ್ ಬೆಕೆಟನಿಗೂ ದೊಡ್ಡ ವ್ಯಾಜ್ಯ ಹುಟ್ಟಿತು. ಅಪರಾಧ ಮಾಡಿದ ಕ್ಲರ್ಕುಗಳಿಗೆ ರಾಜನ ನ್ಯಾಯಸ್ಥಾನ ಶಿಕ್ಷೆ ಕೊಡಬಹುದೇ, ಇಲ್ಲವೆ ಅವರು ಚರ್ಚಿನ ನ್ಯಾಯಸ್ಥಾನಕ್ಕೆ ಮಾತ್ರ ಅಧೀನರೇ ಎಂಬುದು ಆ ವ್ಯಾಜ್ಯದ ಒಂದು ಮುಖ್ಯಾಂಶ. 1164ರಲ್ಲಿ ದೊರೆ ತನ್ನ ಹಕ್ಕನ್ನು ಬರೆದಿಡಿಸಿದನು. 1170ರಲ್ಲಿ ದೊರೆಯ ಕಡೆಯ ನಾಲ್ವರು ವೀರರು ಬೆಕೆಟನನ್ನು ಅವನ ದೇವಾಲಯದಲ್ಲಿಯೇ ಕೊಂದರು. ಆ ಕೊಲೆಯಿಂದ ಎದ್ದ ಜನಕ್ಷೋಭೆಗೆ ದೊರೆ ತಲೆಬಾಗಬೇಕಾಯಿತು. ಅಲ್ಲಿಂದ ಮುಂದೆ ಕ್ಲರ್ಕಿಗೆ ರಾಜನ ನೇಣುಗಂಬದಿಂದ ವಿನಾಯಿತಿ ದೊರಕಿತು. ಚರ್ಚಿನ ನ್ಯಾಯಸ್ಥಾನ ಮರಣದಂಡನೆ ವಿಧಿಸುತ್ತಿರಲಿಲ್ಲ.

ಆದರೆ ಎದುರಿಗೆ ನಿಂತ ಕೈದಿ ಕ್ಲರ್ಕು ಹೌದೋ ಅಲ್ಲವೋ ಎಂಬುದನ್ನು ಕಂಡುಹಿಡಿಯುವುದು ಹೇಗೆ? ಮೊದಮೊದಲು ಉಡುಪನ್ನೂ ಬೋಳಿಸಿದ ನೆತ್ತಿಯನ್ನೂ ನೋಡುತ್ತಿದ್ದರು. ಕ್ರಮೇಣ ಸುಲಭವಾದ ಪರೀಕ್ಷೆಯೊಂದು ನಿಂತಿತು: ಓದಬಲ್ಲವನು ಕ್ಲರ್ಕು. ಕೈದಿಯ ಕೈಗೆ ಪುಸ್ತಕ ಕೊಟ್ಟು ಓದೆನ್ನುತ್ತಿದ್ದರು. ಓದಿದರೆ ಬದುಕಿದನು, ಓದದಿದ್ದರೆ ನೇಣು. ವಾಡಿಕೆಯಾಗಿ ತೆರೆದುಕೊಡುತ್ತಿದ್ದುದು ಬೈಬಲಿನ 51ನೆಯ ಕೀರ್ತನೆ. ದೇವರಲ್ಲಿ ಕರುಣೆಯನ್ನು ಬೇಡುವ ಅದರ ಮೊದಲ ವಚನ. ಇಂಗ್ಲಿಷ್ ಜನ ಆ ವಚನಕ್ಕೆ ‘ಕೊರಳಿನ ವಚನ’ ಎಂದು ಹೆಸರಿಟ್ಟರು. ಒಂದೇ ವಚನವೆಂದು ಗೊತ್ತಾದ ಮೇಲೆ ಅಕ್ಷರ ಬಾರದವರೂ ಅದನ್ನು ಬಾಯಿಪಾಠ ಮಾಡಿ, ಪುಸ್ತಕದ ಮೇಲೆ ಕಣ್ಣಿಟ್ಟು ಒಪ್ಪಿಸಿ ಪಾರಾಗುತ್ತಿದ್ದುದುಂಟು. ನ್ಯಾಯಾಧೀಶನು ಕರುಣಾಳುವಾಗಿದ್ದರೆ ಕೇಳಿಯೂ ಕೇಳದವನಂತಿರುತ್ತಿದ್ದನು. ಕಠಿಣನಾಗಿದ್ದರೆ ಬೇರೊಂದು ಪುಟವನ್ನು ತೆರೆಯುತ್ತಿದ್ದನು.

1489ರ ಶಾಸನವೊಂದು ದೀಕ್ಷೆಯಿಲ್ಲದವರಿಗೆ ಈ ವಿನಾಯಿತಿ ಒಂದೇ ಸಲವೆಂದು ಗೊತ್ತುಮಾಡಿತು. ಎರಡನೆಯ ಸಲ ಬಂದರೆ ಗುರುತು ಸಿಕ್ಕಲೆಂದು ಎಡಗೈಯ ಹೆಬ್ಬೆರಳಿಗೆ ಕಾದ ಕಬ್ಬಿಣದ ಬರೆ. ಈ ಬರೆಯನ್ನು ಹೊತ್ತು ಬದುಕಿದವರಲ್ಲಿ ಷೇಕ್ಸ್‌ಪಿಯರನ ಸಮಕಾಲೀನನಾದ ಪ್ರಸಿದ್ಧ ನಾಟಕಕಾರ ಬೆನ್ ಜಾನ್ಸನ್ನನೂ ಒಬ್ಬನು. ಬಾಲ್ಯದಲ್ಲಿ ವೆಸ್ಟ್‌ಮಿನ್‌ಸ್ಟರ್ ಶಾಲೆಯಲ್ಲಿ ಲ್ಯಾಟಿನ್ ಕಲಿತು, ಅನಂತರ ಮಲತಂದೆಯ ಕಸುಬಾದ ಇಟ್ಟಿಗೆ ಕಟ್ಟುವ ಕೆಲಸಕ್ಕೆ ಹೋಗಿದ್ದ ಈತನು 1598ರಲ್ಲಿ ಗೇಬ್ರಿಯಲ್ ಸ್ಪೆನ್ಸರ್ ಎಂಬ ನಟನನ್ನು ದ್ವಂದ್ವಯುದ್ಧದಲ್ಲಿ ಕೊಂದನು. ವಿಚಾರಣೆಯಲ್ಲಿ ತಪ್ಪೊಪ್ಪಿಕೊಂಡು, ಓದಿ, ಬರೆ ಹಾಕಿಸಿಕೊಂಡು ಹೊರಬಂದನು. ಅವನ ‘ವಾಲ್ಪೋನೆ’ ಮೊದಲಾದ ದೊಡ್ಡ ನಾಟಕಗಳೆಲ್ಲ ಅದಕ್ಕೆ ಈಚಿನವು. ಶಾಲೆಯ ಲ್ಯಾಟಿನ್ ಇಲ್ಲದೆ ಬರಿಯ ಇಟ್ಟಿಗೆ ಕೆಲಸವನ್ನೇ ಕಲಿತಿದ್ದರೆ ಇಂಗ್ಲಿಷ್ ಸಾಹಿತ್ಯ ಆ ನಾಟಕಗಳನ್ನು ಕಾಣುತ್ತಿರಲಿಲ್ಲ. ಅವನಂತೆಯೇ ಅಪರಾಧ ಮಾಡಿ, ಅವನಂತೆ ಓದಲಾರದೆ ಹೋದ ಇಟ್ಟಿಗೆಯವರ ಹೆಸರುಗಳನ್ನು ನೆನೆಯುವವರಿಲ್ಲ. ದೀಕ್ಷೆಗೆ ಅರ್ಹರಲ್ಲದ ಸ್ತ್ರೀಯರಿಗಂತೂ, ಓದಬಲ್ಲವರಾಗಿದ್ದರೂ, 17ನೆಯ ಶತಮಾನದವರೆಗೆ ಈ ಬಾಗಿಲು ಮುಚ್ಚಿಯೇ ಇತ್ತು. 1706ರಲ್ಲಿ ಓದಿನ ಪರೀಕ್ಷೆಯನ್ನು ತೆಗೆದುಹಾಕಿದರು. 1827ರಲ್ಲಿ ಈ ವಿನಾಯಿತಿಯೇ ಕೊನೆಗಂಡಿತು.

ಇಷ್ಟು ದೊಡ್ಡ ಪದವಿಯಲ್ಲಿದ್ದ ಮಾತು ಕೆಳಗಿಳಿದುದು ಹೇಗೆಂಬುದನ್ನು ಇನ್ನು ಊಹಿಸುವುದು ಕಷ್ಟವಲ್ಲ. ಅಚ್ಚಿನ ಪುಸ್ತಕ ಬಂದಿತು. ಮಠದ ಹೊರಗೆ ಶಾಲೆಗಳು ಬೆಳೆದುವು. ವ್ಯಾಪಾರಿಯ ಮಗನೂ ಓದಿದನು, ರೈತನ ಮಗನೂ ಓದಿದನು. ಓದಬಲ್ಲವನೆಂಬುದು ವಿಶೇಷವಾಗಿ ಉಳಿಯದಾದಾಗ ‘ಓದಿದವನು’ ಎಂಬ ಹೆಸರಿಗೆ ಕೆಲಸವಿಲ್ಲವಾಯಿತು. 16ನೆಯ ಶತಮಾನದ ಆರಂಭದಿಂದ ಕ್ಲರ್ಕ್ ಎಂದರೆ ದಾಖಲೆ-ಲೆಕ್ಕಗಳನ್ನು ಇಡುವ ನೌಕರನೆಂಬ ಅರ್ಥ ಬಲವಾಗುತ್ತ ಬಂದಿತು. 18ನೆಯ ಶತಮಾನದ ಕೊನೆಯ ಹೊತ್ತಿಗೆ ಅಮೆರಿಕದಲ್ಲಿ ಅಂಗಡಿಯಲ್ಲಿ ಸರಕು ಅಳೆದುಕೊಡುವವನೂ ಕ್ಲರ್ಕ್ ಆದನು.

ಈಸ್ಟ್ ಇಂಡಿಯಾ ಕಂಪೆನಿಯ ಲಂಡನ್ನಿನ ಕಚೇರಿಯಲ್ಲಿ ಚಾರ್ಲ್ಸ್ ಲ್ಯಾಮ್ ಎಂಬ ಪ್ರಬಂಧಕಾರನು 1792ರಿಂದ 1825ರವರೆಗೆ, ಮೂವತ್ತಮೂರು ವರ್ಷ, ಕ್ಲರ್ಕಾಗಿದ್ದನು. ಕಂಪೆನಿಯ ಬೀರುಗಳಲ್ಲಿರುವ ದಪ್ಪ ದಪ್ಪ ಲೆಕ್ಕದ ಪುಸ್ತಕಗಳೇ ತನ್ನ ನಿಜವಾದ ಕೃತಿಗಳೆಂದು ಅವನು ಹಾಸ್ಯಮಾಡಿಕೊಂಡಿದ್ದಾನೆ. ಚಾರ್ಲ್ಸ್ ಡಿಕನ್ಸನು 1827ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ವಕೀಲರ ಕಚೇರಿಯೊಂದರಲ್ಲಿ ಕ್ಲರ್ಕಾಗಿ ಸೇರಿದ್ದನು. 1843ರಲ್ಲಿ ಅವನು ಬರೆದ ಕ್ರಿಸ್‌ಮಸ್ ಕಥೆಯಲ್ಲಿ ವಾರಕ್ಕೆ ಹದಿನೈದು ಷಿಲಿಂಗು ಸಂಬಳದ, ಚಳಿಯಲ್ಲಿ ಒಂದು ಕೆಂಡಕ್ಕಾಗಿ ಯಜಮಾನನ ಮುಖ ನೋಡುವ ಬಾಬ್ ಕ್ರ್ಯಾಚಿಟ್ ಇದ್ದಾನಷ್ಟೆ. ‘ಬರಿಯ ಕ್ಲರ್ಕು’ ಎಂಬ ಮಾತಿಗೆ ಅವನೇ ಪ್ರತಿಮೆ. 1874ರಲ್ಲಿ ರೆಮಿಂಗ್‌ಟನ್ ಕಂಪೆನಿಯ ಬೆರಳಚ್ಚಿನ ಯಂತ್ರ ಮಾರುಕಟ್ಟೆಗೆ ಬಂದ ಮೇಲೆ ಸಾವಿರಾರು ಮಂದಿ ಸ್ತ್ರೀಯರು ಕಚೇರಿಗಳನ್ನು ಪ್ರವೇಶಿಸಿದರು. ಕೊರಳಿನ ವಚನ ತಮಗೆ ನಿರಾಕರಿಸಿದ್ದ ಹೆಸರನ್ನು ಅವರು ಬೆರಳ ತುದಿಯಿಂದ ಪಡೆದುಕೊಂಡರು.

ಇಳಿದ ಮನೆತನದಲ್ಲಿಯೂ ಹಳೆಯ ಒಡವೆ ಒಂದೆರಡು ಉಳಿದಿರುತ್ತವೆ. ಬ್ರಿಟಿಷ್ ಪಾರ್ಲಿಮೆಂಟಿನ ಕಾಮನ್ಸ್ ಸಭೆಯ ನಡಾವಳಿಗಳನ್ನು ಬಲ್ಲ ಅತ್ಯುನ್ನತ ಅಧಿಕಾರಿಯ ಬಿರುದು ಇಂದಿಗೂ ‘ಕ್ಲರ್ಕ್’. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಾಧೀಶರ ಬಳಿ ಒಂದು ವರ್ಷ ‘ಲಾ ಕ್ಲರ್ಕ್’ ಆಗಿರುವುದಕ್ಕೆ ಅಲ್ಲಿನ ಅತ್ಯುತ್ತಮ ಕಾನೂನು ಪದವೀಧರರು ಪೈಪೋಟಿ ನಡಸುತ್ತಾರೆ. ಉಚ್ಚಾರಣೆಯಲ್ಲಿಯೂ ಒಂದು ಸ್ವಾರಸ್ಯವಿದೆ. ಇಂಗ್ಲೆಂಡಿನವರು ಬರೆಯುವುದು ‘ಕ್ಲರ್ಕ್’, ನುಡಿಯುವುದು ‘ಕ್ಲಾರ್ಕ್’. ಮಧ್ಯಯುಗದ ಕೊನೆಯಲ್ಲಿ ಅನೇಕ ಮಾತುಗಳಲ್ಲಿ ‘ಎರ್’ ಎಂಬುದು ‘ಆರ್’ ಆಯಿತು. ‘ಪರ್ಸನ್’ ಎಂಬ ಒಂದೇ ಮಾತು ಹೀಗೆ ಒಡೆದು, ವ್ಯಕ್ತಿಗೆ ‘ಪರ್ಸನ್’, ಪಾದ್ರಿಗೆ ‘ಪಾರ್ಸನ್’ ಎಂದು ಎರಡಾಗಿ ನಿಂತಿತು. ಅಮೆರಿಕದವರೂ ನಾವೂ ನುಡಿಯುವುದು ಬರಹಕ್ಕೆ ಒಪ್ಪುವಂತೆ. ‘ಕ್ಲಾರ್ಕ್’ ಎಂಬ ಮನೆತನದ ಹೆಸರು ಹುಟ್ಟಿದುದೂ ಹೀಗೆಯೇ. ಅದನ್ನು ಹೊತ್ತವನ ಪೂರ್ವಿಕನೊಬ್ಬನು ಓದಬಲ್ಲವನಾಗಿದ್ದನೆಂದು ಅರ್ಥ.

ಈ ಹೆಸರು ನಮ್ಮ ಶ್ರೋತೃಗಳಿಗೆ ಮತ್ತೊಂದು ರೀತಿಯಲ್ಲಿ ಸಮೀಪದ್ದು. ವಿದ್ಯುತ್ತು ಮತ್ತು ಅಯಸ್ಕಾಂತಶಕ್ತಿಗಳು ಸೇರಿ ಅಲೆಯಾಗಿ ಚಲಿಸುತ್ತವೆಂದು 1865ರಲ್ಲಿ ಪ್ರಕಟವಾದ ತನ್ನ ಪ್ರಬಂಧದಲ್ಲಿ ಗಣಿತದಿಂದ ತೋರಿಸಿಕೊಟ್ಟ ಸ್ಕಾಟ್ಲೆಂಡಿನ ವಿಜ್ಞಾನಿಯ ಹೆಸರು ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್. ಆ ನಡುವಣ ಹೆಸರನ್ನು ಬರೆಯುವುದು ಕಚೇರಿಯ ಕ್ಲರ್ಕಿನ ಅಕ್ಷರಗಳಲ್ಲಿಯೇ. ಅವನ ತಂದೆ ಕ್ಲಾರ್ಕ್ ಮನೆತನದವನು. ಆಸ್ತಿಯೊಂದರ ಪಾಲು ಬಂದುದರಿಂದ ಮ್ಯಾಕ್ಸ್‌ವೆಲ್ ಎಂಬುದನ್ನು ಸೇರಿಸಿಕೊಂಡನು. ಮ್ಯಾಕ್ಸ್‌ವೆಲ್ಲನು ಲೆಕ್ಕದಲ್ಲಿ ಕಂಡ ಅಲೆಗಳನ್ನು ಹರ್ಟ್ಸ್ ಎಂಬ ಜರ್ಮನ್ ವಿಜ್ಞಾನಿ 1887-88ರಲ್ಲಿ ಪ್ರಯೋಗದಿಂದ ಸಾಧಿಸಿದನು. ನಮ್ಮ ಧ್ವನಿಯನ್ನು ತಮ್ಮ ಮನೆಗೆ ತಂದುಮುಟ್ಟಿಸುವುದು ಆ ಅಲೆಗಳೇ.

ನಮ್ಮ ಭಾಷೆಯಲ್ಲಿ ಈ ಕಸುಬಿಗಿರುವ ಹೆಸರುಗಳ ಕಥೆಯೂ ಸಣ್ಣದಲ್ಲ. ‘ಗುಮಾಸ್ತೆ’ ಪಾರಸಿಯಿಂದ ಬಂದದ್ದು. ನೇಮಿಸಲ್ಪಟ್ಟವನು ಎಂದು ಅದರ ಮೂಲಾರ್ಥ. ಶಾಸನಗಳಲ್ಲಿ ‘ಸೇನಬೋವ’, ‘ಕರಣಿಕ’ ಎಂಬ ಹೆಸರುಗಳಿವೆ. ಸೇನಬೋವನೇ ಮುಂದೆ ಶಾನುಭೋಗನಾಗಿ, ಹಳ್ಳಿಯ ಲೆಕ್ಕವನ್ನು ತಲೆಮಾರುಗಳಿಂದ ಹಿಡಿದುಕೊಂಡು ಬಂದನು. ಮೈಸೂರಿನಲ್ಲಿ ಈ ವಂಶಪಾರಂಪರ್ಯ ಹುದ್ದೆ 1961ರ ಕಾಯಿದೆಯಿಂದ ರದ್ದಾಯಿತು. ಆದರೆ ಎಲ್ಲರಿಗಿಂತ ಹಿರಿಯನನ್ನು ಕಾಣಬೇಕಾದರೆ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಗೆ ಹೋಗಬೇಕು. ಬಿ. ಎಲ್. ರೈಸ್ ಅವರು 1892ರಲ್ಲಿ ಅಲ್ಲಿ ಅಶೋಕನ ಶಾಸನವನ್ನು ಕಂಡುಹಿಡಿದರು. ಶಾಸನವೆಲ್ಲ ಬ್ರಾಹ್ಮೀ ಲಿಪಿಯಲ್ಲಿದೆ. ಕೊನೆಯಲ್ಲಿ ಅದನ್ನು ಬರೆದ ಚಪಡನೆಂಬವನ ಹೆಸರಿದೆ. ಅವನ ಕಸುಬನ್ನು ಹೇಳುವ ‘ಲಿಪಿಕಾರ’ ಎಂಬ ಒಂದೇ ಮಾತು ಮಾತ್ರ ವಾಯವ್ಯ ದೇಶದ ಖರೋಷ್ಠೀ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದೆ. ಅವನ ಊರು ಯಾವುದು, ಅವನು ಈ ದಕ್ಷಿಣಕ್ಕೆ ಬಂದದ್ದು ಹೇಗೆ, ಶಾಸನ ಹೇಳುವುದಿಲ್ಲ. ಸಾಮ್ರಾಟನ ಆಜ್ಞೆಯ ಕೆಳಗೆ, ಸುತ್ತಲಿನವರಾರೂ ಓದಲಾರದಿದ್ದಿರಬಹುದಾದ ಅಕ್ಷರದಲ್ಲಿ ತನ್ನ ಕಸುಬಿನ ಹೆಸರನ್ನು ಕೊರೆದ ಆ ಕೈಗೆ ‘ಬರಿಯ’ ಎಂಬ ವಿಶೇಷಣ ಗೊತ್ತಿದ್ದಂತೆ ಕಾಣುವುದಿಲ್ಲ.

ಇನ್ನೊಬ್ಬ ಕ್ಲರ್ಕನ್ನು ನೆನೆಯದೆ ಈ ಭಾಷಣವನ್ನು ಮುಗಿಸುವುದು ಸರಿಯಲ್ಲ. 1912ರ ಮಾರ್ಚಿಯಲ್ಲಿ ಮದರಾಸಿನ ಪೋರ್ಟ್ ಟ್ರಸ್ಟಿನ ಲೆಕ್ಕದ ಶಾಖೆಗೆ ತಿಂಗಳಿಗೆ ಮೂವತ್ತು ರೂಪಾಯಿ ಸಂಬಳದ ಮೇಲೆ ಒಬ್ಬ ತರುಣರು ಸೇರಿದರು. 1913ರ ಜನವರಿ 16ರಂದು ಅವರು ಕೇಂಬ್ರಿಡ್ಜಿನ ಹಾರ್ಡಿ ಎಂಬ ಗಣಿತಜ್ಞರಿಗೆ ಕಾಗದ ಬರೆದಾಗ, ತಾವು ಆ ಕಚೇರಿಯಲ್ಲಿ ಕ್ಲರ್ಕೆಂದೂ ವರ್ಷಕ್ಕೆ ಇಪ್ಪತ್ತು ಪೌಂಡು ಸಂಬಳವೆಂದೂ ಮೊದಲ ಸಾಲಿನಲ್ಲಿಯೇ ಹೇಳಿಕೊಂಡರು. ಅವರೇ ಶ್ರೀನಿವಾಸ ರಾಮಾನುಜನ್ ಅವರು. ಐದು ವರ್ಷಗಳ ಮೇಲೆ, 1918ರಲ್ಲಿ, ಅವರು ರಾಯಲ್ ಸೊಸೈಟಿಯ ಫೆಲೋ ಆದರು. ಚಾಸರನ ಆಕ್ಸ್‌ಫರ್ಡ್ ಪಂಡಿತನೂ ಡಿಕನ್ಸನ ಬಡ ಗುಮಾಸ್ತೆಯೂ ಈ ಒಬ್ಬರಲ್ಲಿ ಸೇರಿದ್ದರು.

ಕ್ಲರ್ಕಿನ ಬೆಲೆ ಇಳಿದುದಕ್ಕೆ ನಾವು ಮರುಗಬೇಕಾಗಿಲ್ಲ. ಆ ಮಾತು ಎತ್ತರದಲ್ಲಿದ್ದಾಗ ಒಂದು ಊರಿಗೆ ಓದಬಲ್ಲವನು ಒಬ್ಬನಿದ್ದನು. ಉಳಿದವರ ಕೊರಳು ಅಗ್ಗವಾಗಿತ್ತು. ಅಕ್ಷರ ಹಂಚಿಹೋದಷ್ಟೂ ಈ ಹೆಸರಿನ ದರ್ಪ ಕರಗಿತು. ಆದರೆ ಹಂಚಿಕೆ ಪೂರ್ತಿಯಾಯಿತೆಂದು ಯಾರೂ ತಿಳಿಯಬಾರದು. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ಏಳು ವರ್ಷ ಮೀರಿದವರಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಸುಮಾರು 75. ನಾಲ್ವರಲ್ಲಿ ಒಬ್ಬರು, ತಮ್ಮ ಜಮೀನಿನ ಪತ್ರದಲ್ಲಿ ಏನಿದೆಯೆಂದು ತಿಳಿಯಲು, ಬೇರೊಬ್ಬರ ಬಾಯನ್ನು ನೋಡಬೇಕಾಗಿತ್ತು. ನೇಣಿನ ಪರೀಕ್ಷೆ ಈಗಿಲ್ಲ. ಓದಲಾರದವನು ಕಳೆದುಕೊಳ್ಳುವುದಕ್ಕೆ ಹೊಲವಿದೆ, ಮನೆಯಿದೆ, ಕೂಲಿಯ ಹಣವಿದೆ. ಅಂಥವರು ಬಂದು ನಿಲ್ಲುವುದು ಗುಮಾಸ್ತೆಯ ಮೇಜಿನ ಮುಂದೆಯೇ. ಅವರ ಅರ್ಜಿಯನ್ನು ತಾಳ್ಮೆಯಿಂದ ಓದಿ ಹೇಳುವ, ಅವರ ಹೆಸರನ್ನು ತಪ್ಪಿಲ್ಲದೆ ಬರೆಯುವ ಕ್ಲರ್ಕು, ತನಗೆ ತಿಳಿಯದೆಯೇ ಆ ಹಳೆಯ ಗ್ರೀಕ್ ಮಾತಿನ ಅರ್ಥವನ್ನು ನಡಸುತ್ತಿದ್ದಾನೆ: ಅವರವರ ಪಾಲನ್ನು ಅವರವರಿಗೆ ಮುಟ್ಟಿಸುತ್ತಿದ್ದಾನೆ.